ಹಾಲಿನ ಸೊಸೈಟಿಯಲ್ಲಿ ಹೈಪೋ ಇರಲಿ

ನನ್ನ ಬೇಡಿಕೆ ಸಣ್ಣದು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಪ್ರತಿಯೊಂದು ಹಾಲಿನ ಸೊಸೈಟಿಯ ಕಪಾಟಿನಲ್ಲಿ ಹೈಪೋ ಎಂಬ ಬಿಳಿ ಹರಳಿನ ಪೊಟ್ಟಣವೊಂದು ಇರಬೇಕು. ಸೋಡಿಯಂ ಥಯೋಸಲ್ಫೇಟ್ ಎಂಬುದು ಅದರ ಪೂರ್ತಿ ಹೆಸರು. ದುಬಾರಿ ವಸ್ತುವೇನಲ್ಲ. ಖನಿಜ ಮಿಶ್ರಣದ ಪ್ಯಾಕೆಟ್, ಜಂತುಹುಳದ ಮಾತ್ರೆ, ಕೆಚ್ಚಲಿಗೆ ಹಚ್ಚುವ ಮುಲಾಮು ಎಲ್ಲವೂ ಇರುವ ಕಪಾಟಿನಲ್ಲಿ ಅದಕ್ಕೊಂದು ಗೇಣು ಜಾಗ ಮಾಡುವುದು ಕಷ್ಟವಲ್ಲ.

ಯಾಕೆ ಬೇಕು ಎಂದು ಹೇಳಲು ಮಾತ್ರ ಸ್ವಲ್ಪ ಒಳಗೆ ಹೋಗಬೇಕಾಗುತ್ತದೆ, ದನದ ಮೈಯ ಒಂದೊಂದು ಜೀವಕೋಶದ ಒಳಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಈಗ ಈಶ್ವರಮಂಗಲದ ಬದಿಯಲ್ಲಿ ಒಂದಿಷ್ಟು ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ಕರೆಯುವ ದನ. ಪಾಠ ಮಾಡುವ ಅಭ್ಯಾಸ ಹೋಗಿಲ್ಲ, ಓದುಗರು ಸಹಿಸಿಕೊಳ್ಳಬೇಕು.

ಈಶ್ವರಮಂಗಲದಿಂದ ಗಾಳಿಮುಖದ ಕಡೆಗೆ ಹೊರಟರೆ ಕೇರಳದ ಗಡಿ ಸಿಗಲು ಹೆಚ್ಚು ಹೊತ್ತು ಬೇಡ. ಜನ, ಮಾತು, ಮದುವೆ, ಮೀನಿನ ಗಾಡಿ ಎಲ್ಲವೂ ಎರಡೂ ಕಡೆಗೆ ಓಡಾಡುವ ಜಾಗವಿದು. ಮರಗೆಣಸೂ ಹಾಗೆಯೇ. ಮೂಲದಲ್ಲಿ ಅದು ದಕ್ಷಿಣ ಅಮೆರಿಕದ್ದು. 1880ರ ದಶಕದಲ್ಲಿ ತಿರುವಾಂಕೂರಿನ ಮಹಾರಾಜ ವಿಶಾಖಂ ತಿರುನಾಳ್ ಬಡವರ ಹೊಟ್ಟೆಗಾಗಲಿ ಎಂದು ಅದರ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟರು. ಅಲ್ಲಿಂದ ರಬ್ಬರು ನೆಡಲು ಬಂದವರ ಜೊತೆ ಅದು ಶಿರಾಡಿ, ನೆಲ್ಯಾಡಿ, ಕಡಬದ ಗುಡ್ಡೆಗಳಲ್ಲೂ ಹಬ್ಬಿತು. ಎಳೆಯ ರಬ್ಬರು ತೋಟದ ಸಾಲುಗಳ ನಡುವೆ ಮೊದಲ ಎರಡು ಮೂರು ವರ್ಷ ಬೆಳೆಯಲು ಅದಕ್ಕಿಂತ ಸುಲಭದ ಬೆಳೆ ಇಲ್ಲ, ಹಂದಿಗಳು ಬಿಟ್ಟರೆ. ರಬ್ಬರು ಮತ್ತು ಮರಗೆಣಸು ಒಂದೇ ಕುಟುಂಬದ ಗಿಡಗಳು ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಎರಡರ ಎಲೆಯಲ್ಲೂ ಲಿನಮಾರಿನ್ ಎಂಬ ಒಂದೇ ವಸ್ತುವಿದೆ. ನಾನು ಹೇಳಹೊರಟಿರುವುದು ಅದರ ಕತೆ.

ಹೋದ ವರ್ಷ ಗೆಣಸು ಕೀಳುವ ಹೊತ್ತಿಗೆ ನಮ್ಮ ನೆರೆಮನೆಯ ದನವೊಂದು ಸತ್ತಿತು. ಎರಡು ಕರು ಹಾಕಿದ ಜೆರ್ಸಿ, ಮತ್ತೆ ಗಬ್ಬ. ಅವರು ಗೆಣಸು ಕಿತ್ತು, ಕಾಂಡಗಳನ್ನು ನೆಡುವುದಕ್ಕೆಂದು ಎತ್ತಿಟ್ಟು, ಸೊಪ್ಪನ್ನು ಬೇಲಿಯ ಬದಿಗೆ ರಾಶಿ ಹಾಕಿದ್ದರು. ದನ ಹೇಗೋ ಬಳ್ಳಿ ಬಿಚ್ಚಿಕೊಂಡು ಹೋಗಿ ತಿಂದಿದೆ. ಬಾಯಲ್ಲಿ ನೊರೆ, ಏದುಸಿರು, ಕಾಲುಗಳ ನಡುಕ. ಹೊಟ್ಟೆ ಉಬ್ಬರವೆಂದು ತಿಳಿದು ಶುಂಠಿ, ಓಮ ಅರೆದು ಎಣ್ಣೆಯಲ್ಲಿ ಕಲಸಿ ಗೊಟ್ಟದಲ್ಲಿ ಕುಡಿಸಿದರು. ಉಸಿರು ಸಿಗುವುದಿಲ್ಲ ಎಂದು ಮನೆಯ ಹೆಂಗಸರು ಹಾಳೆಯಿಂದ ಗಾಳಿ ಹಾಕಿದರು. ಡಾಕ್ಟರಿಗೆ ಫೋನ್ ಹೋಯಿತು. ಅವರು ಇನ್ನೊಂದು ಗ್ರಾಮದಲ್ಲಿ ಕರು ತೆಗೆಯುವ ಕೆಲಸದಲ್ಲಿದ್ದರು. ಬಂದಾಗ ದನ ಅಡ್ಡ ಬಿದ್ದು ಆಗಿತ್ತು. ಅವರು ತುಟಿ ಸರಿಸಿ ಒಸಡು ತೋರಿಸಿದರು. ಸತ್ತ ದನದ ಒಸಡು ಬಿಳಿಚಿಕೊಂಡಿರಬೇಕು, ಇಲ್ಲವೇ ನೀಲಿಗಟ್ಟಿರಬೇಕು. ಇದರ ಒಸಡು ದಾಸವಾಳದಷ್ಟು ಕೆಂಪು. "ನೋಡಿ ಟೀಚರೇ, ಆಕ್ಸಿಜನ್ ಎಲ್ಲ ಹಾಗೇ ಉಳಿದಿದೆ" ಎಂದರು.

ದನದ ಯಜಮಾನರಿಗೆ ಆ ಮಾತು ಅರ್ಥವಾಗಲಿಲ್ಲ. ಆಕ್ಸಿಜನ್ ಇದ್ದರೆ ಸಾಯುವುದು ಯಾಕೆ ಎಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಹತ್ತನೇ ತರಗತಿಯ 'ಜೀವಕ್ರಿಯೆಗಳು' ಪಾಠದಲ್ಲಿ ಇದಕ್ಕೆ ಉತ್ತರವಿದೆ. ಆದರೆ ಆ ಪಾಠವನ್ನು ನಮ್ಮ ಮಕ್ಕಳು ಕಲಿಯುವುದು ಒಂದು ಅಂಕದ ಪ್ರಶ್ನೆಗೆ: ಜೀವಕೋಶದ ಶಕ್ತಿಕೇಂದ್ರ ಯಾವುದು? ಮೈಟೊಕಾಂಡ್ರಿಯ. ಅಂಕ ಬಂತು, ಮುಗಿಯಿತು.

ಆ ಮೈಟೊಕಾಂಡ್ರಿಯದಲ್ಲಿ ನಡೆಯುವುದೇನು? ದನ ಹುಲ್ಲು ತಿನ್ನುತ್ತದೆ. ಮೆಲುಕು ಚೀಲದ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಅಸಿಟಿಕ್ ಆಮ್ಲದಂಥ ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ. ದನದ ಶಕ್ತಿಯ ಬಹುಪಾಲು ಬರುವುದು ಇವುಗಳಿಂದ. ಅನ್ನ ಉಣ್ಣುವ ನಮಗೆ ಗ್ಲೂಕೋಸು. ಯಾವುದೇ ಆಗಲಿ, ಜೀವಕೋಶ ಅದನ್ನು ಹಂತ ಹಂತವಾಗಿ ಕಳಚುತ್ತಾ ಹೋಗುತ್ತದೆ. ಇಂಗಾಲದ ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಗೆ ಹೋಗುತ್ತದೆ. ಉಳಿಯುವುದು ಎಲೆಕ್ಟ್ರಾನುಗಳು. ಶಕ್ತಿ ಇರುವುದು ಅವುಗಳ ಸಾಗಾಟದಲ್ಲಿ.

ನಮ್ಮ ಕಡೆಯವರಿಗೆ ಅಡಿಕೆ ಗೋಣಿಯನ್ನು ಲಾರಿಗೆ ತುಂಬಿಸುವ ಬಗೆ ಗೊತ್ತು. ಅಂಗಳದಿಂದ ಲಾರಿಯವರೆಗೆ ಆಳುಗಳು ಸಾಲಾಗಿ ನಿಂತು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸುತ್ತಾರೆ. ಕೊನೆಯ ಆಳು ಲಾರಿಗೆ ಹಾಕುತ್ತಾನೆ. ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಎಲೆಕ್ಟ್ರಾನುಗಳು ಸಾಗುವುದೂ ಹೀಗೆ. ಸಾಲಿನ ಕೊನೆಯ ಆಳು ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಪ್ರೋಟೀನು, ಅದರ ಹೃದಯಭಾಗದಲ್ಲಿ ಕಬ್ಬಿಣದ ಪರಮಾಣು. ಲಾರಿಯೇ ಆಮ್ಲಜನಕ. ಎಲೆಕ್ಟ್ರಾನು ಹೊತ್ತ ಆಮ್ಲಜನಕ ಹೈಡ್ರೋಜನ್ ಸೇರಿಸಿಕೊಂಡು ನೀರಾಗುತ್ತದೆ. ಮೂಗು, ಶ್ವಾಸಕೋಶ, ಕೆಂಪು ರಕ್ತಕಣ, ಇಷ್ಟೆಲ್ಲ ಏರ್ಪಾಡು ಇರುವುದು ಆ ಖಾಲಿ ಲಾರಿಯನ್ನು ಸಾಲಿನ ತುದಿಗೆ ತಂದು ನಿಲ್ಲಿಸುವುದಕ್ಕೆ.

ಎಲೆಕ್ಟ್ರಾನು ಕೈ ದಾಟುವಾಗಲೆಲ್ಲ ಆ ಪೊರೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಪ್ರೋಟಾನುಗಳು ತಳ್ಳಲ್ಪಡುತ್ತವೆ. ಅವು ಮರಳಿ ಒಳಗೆ ನುಗ್ಗಲು ಇರುವ ಮುಖ್ಯ ದಾರಿ ಏಟಿಪಿ ಸಿಂಥೇಸ್ ಎಂಬ ಅಣುಯಂತ್ರ. ಅವು ನುಗ್ಗಿದಂತೆ ಆ ಯಂತ್ರ ತಿರುಗುತ್ತದೆ, ತಿರುಗಿದಂತೆ ಜೀವಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಏಟಿಪಿ ಎಂಬ ಅಣು ತಯಾರಾಗುತ್ತದೆ. ತಿರುಗುತ್ತದೆ ಎಂದದ್ದು ಮಾತಿನ ಅಲಂಕಾರವಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಅಣುವಿಗೆ ಹೊಳೆಯುವ ಒಂದು ಎಳೆಯನ್ನು ಅಂಟಿಸಿ, ಅದು ಗಿರಗಿರನೆ ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಅದೇ ವರ್ಷ ಈ ಯಂತ್ರದ ಕೆಲಸವನ್ನು ವಿವರಿಸಿದ್ದಕ್ಕೆ ಪಾಲ್ ಬಾಯರ್ ಮತ್ತು ಜಾನ್ ವಾಕರ್ ಅವರಿಗೆ ನೊಬೆಲ್ ಪಾಲು ಬಂತು. ಪ್ರೋಟಾನಿನ ಈ ದಾರಿಯನ್ನು 1961ರಲ್ಲೇ ಊಹಿಸಿದ ಪೀಟರ್ ಮಿಚೆಲ್‌ಗೆ 1978ರಲ್ಲಿ ಸಿಕ್ಕಿತ್ತು. ಏಟಿಪಿಯನ್ನು ಸ್ನಾಯುವಿನಲ್ಲಿ ಕಂಡುಹಿಡಿದವರಲ್ಲಿ ನಮ್ಮ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಪ್ರಗಡ ಸುಬ್ಬರಾವ್ ಒಬ್ಬರು. 1929, ಹಾರ್ವರ್ಡ್. ಅವರಿಗೆ ನೊಬೆಲ್ ಬರಲಿಲ್ಲ. ಆನೆಕಾಲು ರೋಗಕ್ಕೆಂದು ಕರಾವಳಿಯಲ್ಲಿ ನಾವೆಲ್ಲ ನುಂಗಿದ ಡಿ.ಇ.ಸಿ. ಮಾತ್ರೆ ಮುಂದೆ ಅವರ ತಂಡದಿಂದಲೇ ಬಂದದ್ದು ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳ ಕಿವಿ ನೆಟ್ಟಗಾಗುತ್ತಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಮತ್ತೆ ಬಾಗುತ್ತಿತ್ತು.

ಏಟಿಪಿಯನ್ನು ಮೈ ಕೂಡಿಟ್ಟುಕೊಳ್ಳುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಮನುಷ್ಯನ ಮೈಯಲ್ಲಿ ಯಾವುದೇ ಕ್ಷಣದಲ್ಲಿ ಇರುವುದು ನೂರು ಗ್ರಾಮಿನ ಒಳಗೆ. ದಿನವಿಡೀ ಅದನ್ನೇ ಮುರಿದು, ಅದನ್ನೇ ಕಟ್ಟಿ, ಲೆಕ್ಕ ಹಾಕಿದರೆ ಸುಮಾರು ನಮ್ಮ ತೂಕದಷ್ಟೇ ಏಟಿಪಿ ಒಂದು ದಿನದಲ್ಲಿ ತಯಾರಾಗಿ ಖರ್ಚಾಗುತ್ತದೆ. ತಯಾರಿ ನಿಂತರೆ ಮಿದುಳು, ಹೃದಯಕ್ಕೆ ನಿಮಿಷಗಳ ಬಾಳು. ಆಮ್ಲಜನಕವಿಲ್ಲದೆಯೂ ಜೀವಕೋಶ ಒಂದು ಗ್ಲೂಕೋಸಿನಿಂದ ಎರಡು ಏಟಿಪಿ ತೆಗೆಯಬಲ್ಲದು. ಆದರೆ ಪೂರ್ತಿ ವ್ಯವಸ್ಥೆ ನಡೆಯುತ್ತಿದ್ದರೆ ಸಿಗುವುದು ಮೂವತ್ತರಷ್ಟು. ಎರಡರಲ್ಲಿ ಮಿದುಳು ಬದುಕುವುದಿಲ್ಲ.

ಈಗ ಮರಗೆಣಸಿನ ಎಲೆ. ಅದರ ಜೀವಕೋಶದ ಒಳಗೆ ಲಿನಮಾರಿನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ. ಎಲೆ ಇಡಿಯಾಗಿರುವಷ್ಟು ಹೊತ್ತು ಎರಡೂ ಸೇರುವುದಿಲ್ಲ. ದನ ಜಗಿದಾಗ ಸೇರುತ್ತವೆ, ಹೈಡ್ರೋಜನ್ ಸೈನೈಡ್ ಬಿಡುಗಡೆಯಾಗುತ್ತದೆ. ಜಗಿಯದೆ ನುಂಗಿದರೂ ದನ ಪಾರಾಗುವುದಿಲ್ಲ. ಮೆಲುಕು ಚೀಲದ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡುತ್ತವೆ. ಹುಲ್ಲನ್ನು ಹಾಲು ಮಾಡಿಕೊಡುವ ಹೊಟ್ಟೆಯೇ ಇಲ್ಲಿ ಶತ್ರು. ಕುದುರೆ, ಹಂದಿಗಳಿಗಿಂತ ಮೆಲುಕು ಹಾಕುವ ಪ್ರಾಣಿಗಳಿಗೆ ಈ ವಿಷ ಹೆಚ್ಚು ಬಾಧಿಸುವುದು ಇದಕ್ಕೇ.

ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಜೀವಕೋಶಕ್ಕೆ ಹೋದ ಸೈನೈಡ್ ಹಿಡಿಯುವುದು ಸಾಲಿನ ಕೊನೆಯ ಆಳಿನ ಕೈಯನ್ನು, ಸೈಟೋಕ್ರೋಮ್ ಆಕ್ಸಿಡೇಸಿನ ಕಬ್ಬಿಣವನ್ನು. ಸಾಲಿನಲ್ಲಿದ್ದವರೆಲ್ಲ ಗೋಣಿ ಹಿಡಿದುಕೊಂಡು ನಿಂತಲ್ಲೇ ನಿಂತರು. ಲಾರಿಗಳು ಖಾಲಿ ಬಂದು ಖಾಲಿ ಹಿಂದಿರುಗುತ್ತವೆ. ಅಂದರೆ ಆಮ್ಲಜನಕ ಬಳಕೆಯಾಗದೆ ರಕ್ತದಲ್ಲೇ ಉಳಿಯುತ್ತದೆ, ಹೃದಯಕ್ಕೆ ಮರಳುವ ರಕ್ತವೂ ಕೆಂಪಾಗಿಯೇ ಇರುತ್ತದೆ. ಹಾಳೆಯಿಂದ ಎಷ್ಟು ಗಾಳಿ ಹಾಕಿದರೂ ಪ್ರಯೋಜನವಾಗದಿದ್ದುದು ಅದಕ್ಕೆ. ನಾವು ಉಸಿರು ಎನ್ನುವುದು ಮೂಗಿನಲ್ಲಿ ಮುಗಿಯುವುದಿಲ್ಲ. ಅದು ಮುಗಿಯುವ ಜಾಗದಲ್ಲಿ ತಡೆ ಬಿದ್ದಿತ್ತು.

ಜೀವಕೋಶ ಉಸಿರಾಡುವ ಬಗೆಯನ್ನು ವಿಜ್ಞಾನ ಅರಿತದ್ದೂ ಬಹುಮಟ್ಟಿಗೆ ಈ ವಿಷದ ಸಹಾಯದಿಂದಲೇ. ಜರ್ಮನಿಯ ಆಟೊ ವಾರ್ಬುರ್ಗ್, ಚೂರು ಸೈನೈಡಿಗೆ ಜೀವಕೋಶದ ಉಸಿರು ನಿಲ್ಲುವುದನ್ನು ಕಂಡು, ಅಲ್ಲಿ ಕೆಲಸ ಮಾಡುತ್ತಿರುವುದು ಕಬ್ಬಿಣವೇ ಇರಬೇಕು ಎಂದು ವಾದಿಸಿದರು. 1931ರ ನೊಬೆಲ್ ಅವರಿಗೆ ಬಂದದ್ದು ಉಸಿರಾಟದ ಆ ಕಿಣ್ವದ ಮೇಲಿನ ಕೆಲಸಕ್ಕೆ.

ಸೈನೈಡ್ ಎಂದಾಗ ನಮ್ಮ ಜಿಲ್ಲೆಯವರ ಮನಸ್ಸಿಗೆ ಬರುವುದು ಬೇರೆಯೇ. 2009ರ ಅಕ್ಟೋಬರಿನಲ್ಲಿ ಪೊಲೀಸರು ಹಿಡಿದ ಬಂಟ್ವಾಳ ತಾಲೂಕಿನ ಮೋಹನ್ ಕುಮಾರ್ ಶಾಲಾ ಮಾಸ್ತರನಾಗಿದ್ದವ. ಮದುವೆಯ ಆಸೆ ತೋರಿಸಿ ಕರೆದುಕೊಂಡು ಹೋದ ಬಡ ಹುಡುಗಿಯರಿಗೆ ಗರ್ಭ ತಡೆಯುವ ಮಾತ್ರೆ ಎಂದು ಸೈನೈಡ್ ಕೊಟ್ಟು, ಅವರು ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸತ್ತುಬೀಳುವಂತೆ ಮಾಡಿದ. ಅವರಲ್ಲಿ ಅನೇಕರು ಗುರುತಿಲ್ಲದ ಹೆಣಗಳಾಗಿ ಮಣ್ಣಾದರು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಗಲ್ಲು ವಿಧಿಸಿದಾಗ ಪತ್ರಿಕೆಗಳ ತುಂಬ ಅದೇ ಸುದ್ದಿ. ಅದರಿಂದಾಗಿ ಈ ಊರುಗಳಲ್ಲಿ ಸೈನೈಡ್ ಎಂದರೆ ಕೊಲೆಗಾರನ ಕಿಸೆಯಲ್ಲಿರುವುದು, ಹೆಚ್ಚೆಂದರೆ ಅಕ್ಕಸಾಲಿಗರ ಹತ್ತಿರವೋ ಕೋಲಾರದ ಚಿನ್ನದ ಗಣಿಯ ಮಣ್ಣಿನ ದಿಬ್ಬದಲ್ಲೋ ಇರುವುದು. ಬೇಲಿಯ ಬದಿಯ ಸೊಪ್ಪಿನಲ್ಲಿ ಅದು ಇದೆ ಎಂದರೆ ನಂಬುವುದಿಲ್ಲ. ದನ ಸತ್ತರೆ ಸಂಶಯ ಹೋಗುವುದು ನೆರೆಯವರ ಮೇಲೆ. ಯಾರೋ ಏನೋ ಹಾಕಿದ್ದಾರೆ ಎಂಬ ಮಾತು ಹುಟ್ಟುತ್ತದೆ, ಇಲ್ಲದಿದ್ದರೆ ದೈವಕ್ಕೆ ಹೇಳಿಕೊಂಡದ್ದು ಬಾಕಿಯಿತ್ತೇ ಎಂದು ಪ್ರಶ್ನೆ ಇಡಿಸುತ್ತಾರೆ. ದೈವದ ಮೇಲೆ ನನಗೆ ಭಕ್ತಿ ಕಡಿಮೆಯಿಲ್ಲ. ಆದರೆ ಸೈಟೋಕ್ರೋಮಿನ ಕೆಲಸಕ್ಕೆ ದೈವವನ್ನು ಜವಾಬ್ದಾರಿ ಮಾಡುವುದು ದೈವಕ್ಕೂ ಅನ್ಯಾಯ.

ನಮ್ಮ ಅಡುಗೆಮನೆಗೆ ಈ ವಿಷದ ಅರಿವು ಹಿಂದಿನಿಂದಲೂ ಇದೆ. ಆಟಿಯ ತಿಂಗಳ ಕಣಿಲೆಯನ್ನು ಕೊಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ಇಟ್ಟ ನಂತರವೇ ಒಲೆಗೇರಿಸುವುದು. ಎಳೆ ಬಿದಿರಿನಲ್ಲಿರುವುದೂ ಸೈನೈಡ್ ಕೊಡುವ ಇನ್ನೊಂದು ವಸ್ತು. ಮರಗೆಣಸನ್ನು ಸಿಪ್ಪೆ ಕೆತ್ತಿ, ಸಣ್ಣಗೆ ತುಂಡು ಮಾಡಿ, ಮುಚ್ಚಳ ತೆಗೆದು ಬೇಯಿಸಿ, ಆ ನೀರು ಬಸಿದು ಚೆಲ್ಲುವುದು. ಈ ಪದ್ಧತಿ ಲೆಕ್ಕಕ್ಕೆ ಸರಿಯಾಗಿದೆ. ಹೈಡ್ರೋಜನ್ ಸೈನೈಡ್ ಕುದಿಯುವುದು 26 ಡಿಗ್ರಿಯಲ್ಲಿ, ಅಂದರೆ ನಮ್ಮ ಊರಿನ ಮಧ್ಯಾಹ್ನದ ಸೆಕೆಗೇ ಅದು ಗಾಳಿಗೆ ಹೋಗುತ್ತದೆ. ಆದರೆ ಕುದಿ ನೀರಿನಲ್ಲಿ ಕಿಣ್ವ ಸಾಯುವುದರಿಂದ ಒಡೆಯದೆ ಉಳಿದ ಲಿನಮಾರಿನ್ ನೀರಿಗೆ ಇಳಿಯುತ್ತದೆ. ಆದ್ದರಿಂದ ನೀರು ಚೆಲ್ಲಬೇಕು. ಸಿಪ್ಪೆಯಲ್ಲಿ ವಿಷ ತಿರುಳಿಗಿಂತ ಹೆಚ್ಚು, ಆದ್ದರಿಂದ ಸಿಪ್ಪೆ ಬಿಸಾಡಬೇಕು.

ಸರಿ, ಎಲ್ಲಿಗೆ ಚೆಲ್ಲುತ್ತೇವೆ, ಎಲ್ಲಿಗೆ ಬಿಸಾಡುತ್ತೇವೆ? ಅಕ್ಕಚ್ಚಿನ ಬಾಲ್ದಿಗೆ. ಅಕ್ಕಿ ತೊಳೆದ ನೀರು, ಗಂಜಿ ತಿಳಿ, ತರಕಾರಿ ಸಿಪ್ಪೆ ಎಲ್ಲವೂ ಸೇರುವ ಬಾಲ್ದಿ ಅದು. ಸಂಜೆ ಅದಕ್ಕೊಂದು ಹಿಡಿ ಹಿಂಡಿ ಹಾಕಿ ದನದ ಮುಂದಿಡುತ್ತೇವೆ. ಮನುಷ್ಯರ ಹೊಟ್ಟೆಯಿಂದ ದೂರ ಇಡಬೇಕೆಂದು ಅಜ್ಜಿಯಂದಿರು ಕಂಡುಕೊಂಡ ಎರಡು ವಸ್ತುಗಳನ್ನೂ ನಾವು ಜತನವಾಗಿ ಹಟ್ಟಿಗೆ ಮುಟ್ಟಿಸುತ್ತೇವೆ. ಮನೆಮನೆಯಲ್ಲಿ ನಾಲ್ಕು ಗೆಣಸು ಬೇಯಿಸುವಾಗ ಏನೂ ಆಗುವುದಿಲ್ಲ. ಮದುವೆಗೋ ಹಪ್ಪಳಕ್ಕೋ ಚಿಪ್ಸ್‌ಗೋ ಗೋಣಿಗಟ್ಟಲೆ ಕೆತ್ತಿದ ದಿನ ಆಗುತ್ತದೆ.

ಕೇರಳದ ಇಡುಕ್ಕಿ ಜಿಲ್ಲೆಯ ತೊಡುಪುಳದ ಹತ್ತಿರ ವೆಳ್ಳಿಯಾಮಟ್ಟಂನಲ್ಲಿ 2023ರ ಕೊನೆಯ ರಾತ್ರಿ ಆದದ್ದು ಅದೇ. ಹದಿನೈದರ ಹುಡುಗನೊಬ್ಬ ಸಾಕಿದ್ದ ಹಸುಗಳಲ್ಲಿ 13 ಹಸುಗಳು ಮರಗೆಣಸಿನ ಸಿಪ್ಪೆ ತಿಂದು ಒಂದೇ ಸಲಕ್ಕೆ ಸತ್ತವು. ಪುಟ್ಟ ವಯಸ್ಸಿನಲ್ಲೇ ಒಳ್ಳೆಯ ಹೈನುಗಾರನೆಂದು ಪ್ರಶಸ್ತಿ ಪಡೆದ ಹುಡುಗ ಅವನು. ನಟ ಜಯರಾಂ ತನ್ನ ಸಿನಿಮಾದ ಟ್ರೇಲರ್ ಬಿಡುಗಡೆಗೆ ಇಟ್ಟ 5 ಲಕ್ಷ ರೂಪಾಯಿ ತಂದುಕೊಟ್ಟರು, ಮಂತ್ರಿಗಳು ಬಂದು ಹಸು ಕೊಡುವ ಮಾತು ಕೊಟ್ಟರು. ಮನಸ್ಸು ಒದ್ದೆಯಾಗುವಂಥದ್ದು, ನಿಜ. ಆದರೆ ಮರಗೆಣಸಿನ ತವರು ಎನ್ನಬಹುದಾದ ಊರಿನಲ್ಲೇ ಹೀಗಾದರೆ, ತಡವಾಗಿ ಅದನ್ನು ಕಲಿತ ನಮ್ಮ ಗತಿ ಏನು?

"ನಮ್ಮ ದನ ಯಾವಾಗಲೂ ತಿನ್ನುತ್ತದೆ, ಏನೂ ಆಗಲಿಲ್ಲ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಪಿತ್ತಜನಕಾಂಗದಲ್ಲಿ ರೋಡನೇಸ್ ಎಂಬ ಕಿಣ್ವವಿದೆ. ಅದು ಸೈನೈಡಿಗೆ ಗಂಧಕ ಸೇರಿಸಿ, ಅಷ್ಟೇನೂ ಕೆಡುಕಿಲ್ಲದ ಥಯೋಸಯನೇಟ್ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ನಿಧಾನವಾಗಿ ಬಂದಷ್ಟನ್ನು ಅದು ತಾಳಿಕೊಳ್ಳುತ್ತದೆ. ತೊಂದರೆ ಬರುವುದು ಪ್ರಮಾಣ ಮತ್ತು ವೇಗದಲ್ಲಿ. ದನದ ಮೈತೂಕದ ಒಂದು ಕಿಲೋಗೆ ಸುಮಾರು 2 ಮಿಲಿಗ್ರಾಂ ಸೈನೈಡ್ ಮಾರಕ. 300 ಕಿಲೋ ದನಕ್ಕೆ 600 ಮಿಲಿಗ್ರಾಂ, ಒಂದು ಗ್ರಾಂ ಕೂಡ ಅಲ್ಲ. ಕಹಿ ತಳಿಯ ಹಸಿ ಎಲೆಯಾದರೆ ಒಂದು ಕಿಲೋದಲ್ಲಿ ನೂರಾರು ಮಿಲಿಗ್ರಾಂ ಇರುತ್ತದೆ. ತಳಿಯಿಂದ ತಳಿಗೆ ವ್ಯತ್ಯಾಸ ಬಹಳ, ನೀರಿಲ್ಲದೆ ಸೊರಗಿದ ಗಿಡದಲ್ಲೂ ಹೊಸ ಚಿಗುರಿನಲ್ಲೂ ಹೆಚ್ಚು. ಹಸಿದ ದನ ಗಬಗಬನೆ ತಿಂದರೆ ರೋಡನೇಸಿಗೆ ಸಮಯ ಸಿಗುವುದಿಲ್ಲ, ಗಂಧಕವೂ ಸಾಲುವುದಿಲ್ಲ.

ಆ ಗಂಧಕವೇ ಹೈಪೋ. ಥಯೋಸಲ್ಫೇಟ್ ಕೊಟ್ಟರೆ ರೋಡನೇಸಿಗೆ ಬೇಕಾದ ಗಂಧಕ ಧಾರಾಳ ಸಿಗುತ್ತದೆ. ಬಾಯಿಯ ಮೂಲಕ ಕೊಟ್ಟದ್ದು ಹೊಟ್ಟೆಯಲ್ಲಿ ಇನ್ನೂ ಬಿಡುಗಡೆಯಾಗುತ್ತಿರುವ ಸೈನೈಡನ್ನು ಅಲ್ಲೇ ಕಟ್ಟಿಹಾಕುತ್ತದೆ. ಪಶುವೈದ್ಯರ ಕೈಪಿಡಿಗಳಲ್ಲಿ ದನವೊಂದಕ್ಕೆ 30 ಗ್ರಾಂ ಬಾಯಿಗೆ, ಅದಲ್ಲದೆ ರಕ್ತನಾಳಕ್ಕೆ ಬೇರೆ ಎಂದಿದೆ. ಹಳೆಯ ಕಾಲದಲ್ಲಿ ಇದು ಪ್ರತಿ ಪೇಟೆಯಲ್ಲೂ ಸಿಗುತ್ತಿತ್ತು, ಔಷಧದ ಅಂಗಡಿಯಲ್ಲಲ್ಲ, ಫೋಟೋ ಸ್ಟುಡಿಯೋದಲ್ಲಿ. ಕಪ್ಪುಬಿಳುಪು ಚಿತ್ರವನ್ನು ಕಾಗದದ ಮೇಲೆ ನಿಲ್ಲಿಸಲು ಡಾರ್ಕ್‌ರೂಮಿನ ತಟ್ಟೆಯಲ್ಲಿ ಕದಡುತ್ತಿದ್ದ ಹರಳು ಇದೇ. ಸ್ಟುಡಿಯೋಗಳು ಡಿಜಿಟಲ್ ಆದವು, ಹೈಪೋ ಪೇಟೆಯಿಂದ ಕಾಣೆಯಾಯಿತು. ಮೊಬೈಲಿನಿಂದ ನಮಗೆ ಆದ ನಷ್ಟಗಳ ಪಟ್ಟಿಗೆ ಇದನ್ನೂ ಸೇರಿಸಬಹುದು.

ಇನ್ನೊಂದು ಮದ್ದು ಸೋಡಿಯಂ ನೈಟ್ರೈಟ್. ಅದು ರಕ್ತದ ಹಿಮೋಗ್ಲೋಬಿನಿನ ಒಂದು ಭಾಗವನ್ನು ಬದಲಿಸಿ, ಅದರ ಕಬ್ಬಿಣಕ್ಕೆ ಸೈನೈಡನ್ನು ಎಳೆದುಕೊಂಡು, ಜೀವಕೋಶದ ಕಬ್ಬಿಣವನ್ನು ಬಿಡಿಸುತ್ತದೆ. ಚುರುಕಾದ ಮದ್ದು, ಆದರೆ ಅಪಾಯದ್ದು. ಅದು ಡಾಕ್ಟರ ಚೀಲದಲ್ಲೇ ಇರಲಿ. ಯೂರಿಯಾ, ಸ್ಲರಿ ಅತಿಯಾಗಿ ಉಂಡ ಹುಲ್ಲು ತಿಂದ ದನಕ್ಕೂ ಹೀಗೇ ಏದುಸಿರು ಬರುತ್ತದೆ. ಅದು ನೈಟ್ರೇಟಿನ ವಿಷ, ಅಲ್ಲಿ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಥ ದನಕ್ಕೆ ನೈಟ್ರೈಟ್ ಚುಚ್ಚಿದರೆ ನಾವೇ ಕೊಂದಂತೆ. ನಾನು ಕೇಳುತ್ತಿರುವುದು ಬಾಯಿಗೆ ಕೊಡುವ ಹೈಪೋ ಒಂದನ್ನೇ, ಅದೂ ಡಾಕ್ಟರನ್ನು ಫೋನಿನಲ್ಲಿ ಕೇಳಿಕೊಂಡು. ನಿಂತಿರುವ, ನುಂಗಬಲ್ಲ ದನಕ್ಕೆ ಮಾತ್ರ. ಅಡ್ಡ ಬಿದ್ದ ದನದ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೇ ಹೋಗುತ್ತದೆ.

ಇಲ್ಲೊಂದು ಪ್ರಶ್ನೆಯನ್ನು ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದ್ದಳು: ಹಾಗಾದರೆ ಮರಗೆಣಸಿನ ಗಿಡವೇ ಯಾಕೆ ಸಾಯುವುದಿಲ್ಲ? ಗಿಡಗಳಿಗೂ ಮೈಟೊಕಾಂಡ್ರಿಯ ಇದೆಯಲ್ಲ. ಗಿಡ ವಿಷವನ್ನು ಒಡೆಯದ ರೂಪದಲ್ಲಿ ಇಟ್ಟುಕೊಳ್ಳುತ್ತದೆ ಎಂಬುದು ಒಂದು ಉತ್ತರ. ಇನ್ನೊಂದು ಇದಕ್ಕಿಂತ ಸೊಗಸಾಗಿದೆ. ಗಿಡಗಳಿಗೆ ಕೊನೆಯ ಆಳು ಇಬ್ಬರು. ಒಬ್ಬನನ್ನು ಸೈನೈಡ್ ಹಿಡಿದರೂ ಇನ್ನೊಬ್ಬ ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ದಾಟಿಸುತ್ತಾನೆ, ಅವನಿಗೆ ಸೈನೈಡ್ ತಾಗುವುದಿಲ್ಲ. ಆದರೆ ಆ ದಾರಿಯಲ್ಲಿ ಏಟಿಪಿ ಕಡಿಮೆ, ಶಕ್ತಿಯ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ. ಆ ಬಿಸಿಯನ್ನೇ ಬಳಸಿಕೊಳ್ಳುವ ಗಿಡವೊಂದು ನಮ್ಮ ತೋಟದ ಬದಿಯಲ್ಲಿದೆ, ಸುವರ್ಣಗೆಡ್ಡೆ. ಮಳೆಗಾಲದ ಆರಂಭದಲ್ಲಿ ಅದರ ನೇರಳೆ ಹೂವು ಅರಳಿದಾಗ ಕೊಳೆತ ಮಾಂಸದ ನಾತ ಊರೆಲ್ಲ ಹಬ್ಬುತ್ತದೆ. ಹೂವಿನ ನಡುವಿನ ದಿಂಡು ಸುತ್ತಲಿನ ಗಾಳಿಗಿಂತ ಬಿಸಿಯಾಗಿರುತ್ತದೆ. ಬಿಸಿಯಾದರೆ ನಾತ ದೂರ ಹೋಗುತ್ತದೆ, ಕೀಟ ಬರುತ್ತದೆ. ಮೂಗು ಮುಚ್ಚಿಕೊಂಡಾದರೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಜೀವಕೋಶದ ಉಸಿರಾಟವನ್ನು ಕೈಯಲ್ಲಿ ಮುಟ್ಟಿ ನೋಡಲು ಸಿಗುವ ಜಾಗಗಳು ಹೆಚ್ಚಿಲ್ಲ. ದನಕ್ಕಾಗಲಿ ನಮಗಾಗಲಿ ಆ ಎರಡನೆಯ ಆಳಿಲ್ಲ.

ಪೊಟ್ಟಣ ಸೊಸೈಟಿಯಲ್ಲೇ ಯಾಕೆ, ಪಶು ಆಸ್ಪತ್ರೆಯಲ್ಲಿ ಇದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿಯ ಗಾಡಿ ಬರುತ್ತದೆ, ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಪುತ್ತೂರಿನಿಂದ ನೆಟ್ಟಣಿಗೆ ಮುಡ್ನೂರಿನ ಮೂಲೆಗೋ, ಸುಳ್ಯದಿಂದ ಘಟ್ಟದ ಬುಡದ ಮನೆಗೋ ಯಾವ ಗಾಡಿಯೂ ಹತ್ತು ನಿಮಿಷದಲ್ಲಿ ಮುಟ್ಟುವುದಿಲ್ಲ. ಇದು ಚಾಲಕರ ತಪ್ಪೂ ಅಲ್ಲ, ಡಾಕ್ಟರ ತಪ್ಪೂ ಅಲ್ಲ. ಕೊಯಿಲದಲ್ಲಿ ಪಶುವೈದ್ಯಕೀಯ ಕಾಲೇಜಿಗೆಂದು ಕಟ್ಟಡಗಳು ಎದ್ದಿವೆ, ಮುಂದೊಂದು ದಿನ ಡಾಕ್ಟರ ಸಂಖ್ಯೆ ಹೆಚ್ಚಬಹುದು. ಗುಡ್ಡೆಯ ತಿರುವುಗಳು ಕಡಿಮೆಯಾಗಲಾರವು. ಹಾಲಿನ ಸೊಸೈಟಿ ಮಾತ್ರ ನಡೆದು ಹೋಗುವ ದೂರದಲ್ಲಿದೆ. ಅಲ್ಲಿ ಬೆಳಗ್ಗೆ ಸಂಜೆ ಜನ ಇರುತ್ತಾರೆ, ಕೃತಕ ಗರ್ಭಧಾರಣೆ ಮಾಡಿಸುವ ಕಾರ್ಯಕರ್ತರ ಫೋನ್ ನಂಬರ್ ಗೋಡೆಯ ಮೇಲಿರುತ್ತದೆ. ದನದ ಮೈ ಗೊತ್ತಿರುವ ಅವರಿಗೆ ಒಂದು ಮಧ್ಯಾಹ್ನದ ತರಬೇತಿ ಸಾಕು: ಒಸಡು ನೋಡುವುದು ಹೇಗೆ, ಎಡಗಡೆಯ ಪಕ್ಕೆ ಉಬ್ಬಿದೆಯೋ ಇಲ್ಲವೋ ನೋಡುವುದು ಹೇಗೆ, ಹೈಪೋ ಎಷ್ಟು ನೀರಿಗೆ ಎಷ್ಟು. ಕುಲಶೇಖರದ ಹಾಲು ಒಕ್ಕೂಟ ಮನಸ್ಸು ಮಾಡಿದರೆ ಒಂದೇ ಸುತ್ತೋಲೆಯಲ್ಲಿ ಮುಗಿಯುವ ಕೆಲಸ.

ಜೊತೆಗೆ ಗೋಡೆಯಲ್ಲಿ ನಾಲ್ಕು ಸಾಲು ಬರೆದರೆ ಇನ್ನೂ ಒಳ್ಳೆಯದು. ಮರಗೆಣಸಿನ ಹಸಿ ಸೊಪ್ಪು, ಸಿಪ್ಪೆ, ಬೇಯಿಸಿದ ನೀರು ದನಕ್ಕೆ ಬೇಡ. ಕೊಡಲೇಬೇಕೆಂದಿದ್ದರೆ ಕೊಚ್ಚಿ, ಬಿಸಿಲಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ, ಡಾಕ್ಟರನ್ನು ಕೇಳಿ ಸ್ವಲ್ಪ. ಅರ್ಧ ಬಾಡಿದ್ದು ಕೂಡದು. ಎಳೆ ರಬ್ಬರಿನ ಸೊಪ್ಪೂ ಅದೇ ಪಟ್ಟಿಗೆ.

ನಮ್ಮ ಸೊಸೈಟಿಯಲ್ಲಿ ಈ ಮಾತೆತ್ತಿದಾಗ ಯಾರೂ ವಿರೋಧಿಸಲಿಲ್ಲ, ಅದೇ ಸ್ವಲ್ಪ ಚಿಂತೆಯ ವಿಷಯ. ವರ್ಷಕ್ಕೆ ಒಂದೆರಡು ದನಕ್ಕಾಗಿ ಇಷ್ಟೆಲ್ಲ ಬೇಕಾ ಎಂದು ಒಬ್ಬರು ಕೇಳಿದರು. ಕರೆಯುವ ದನವೊಂದರ ಬೆಲೆ ಎಷ್ಟೆಂದು ಅವರಿಗೇ ಗೊತ್ತು, ಹೋದ ತಿಂಗಳಷ್ಟೇ ಮಾರಿದ್ದಾರೆ. ಕಾರ್ಯದರ್ಶಿಯ ಚಿಂತೆ ಬೇರೆ. "ಟೀಚರೇ, ಪೊಟ್ಟಣ ತರಿಸುವ, ಅದೇನು ದೊಡ್ಡದಲ್ಲ. ಆಡಿಟಿನವರು ಇದು ಯಾವ ಖಾತೆ ಅಂತ ಕೇಳಿದರೆ ಎಂತ ಹೇಳುದು?" ಪಶು ಔಷಧಿಗೆ ಹಾಕಿ, ಒಪ್ಪದಿದ್ದರೆ ಚಹಾದ ಖರ್ಚಿಗೆ ಹಾಕಿ ಎಂದು ಹೇಳಿ ಬಂದಿದ್ದೇನೆ.